ಯಾರ ಹೊಲ ಇದು?

ಜೂನ್ ತಿಂಗಳ ನಡುವಿನಲ್ಲಿ ನಮ್ಮ ಮನೆಯ ಹಿಂದಿನ ಬಾರ್ಲಿ ಹೊಲ ಹಸಿರು ಕಳೆದುಕೊಂಡು ನಸುಹಳದಿಗೆ ತಿರುಗುವ ಹೊತ್ತಿಗೆ, ಅಮ್ಮ ಒಮ್ಮೆ ಕೇಳಿದ ಪ್ರಶ್ನೆ ಪ್ರತಿ ವರ್ಷವೂ ನೆನಪಾಗುತ್ತದೆ. 2022ರ ಮೇ ತಿಂಗಳಲ್ಲಿ ಅವಳು ಆರು ತಿಂಗಳ ವೀಸಾದ ಮೇಲೆ ತಿಪಟೂರು ತಾಲ್ಲೂಕಿನ ನಮ್ಮ ಹಳ್ಳಿಯಿಂದ ಇಂಗ್ಲೆಂಡಿಗೆ ಬಂದಿದ್ದಳು. ನಾವಿರುವುದು ಆಕ್ಸ್‌ಫರ್ಡ್‌ಶೈರ್‌ನ ದಕ್ಷಿಣದಲ್ಲಿ, ಚಿಲ್ಟರ್ನ್ ಬೆಟ್ಟಸಾಲಿನ ಅಡಿಯ ಒಂದು ಸಣ್ಣ ಊರಿನಲ್ಲಿ. ಒಂದು ಚರ್ಚು, ಒಂದು ಪಬ್ಬು, ಒಂದು ಪ್ರಾಥಮಿಕ ಶಾಲೆ, ಗಂಟೆಗೊಮ್ಮೆ ಬರಬೇಕಾದ ಒಂದು ಬಸ್ಸು, ಇಷ್ಟೇ ಊರು. ಉಳಿದದ್ದೆಲ್ಲ ಹೊಲ, ಹೊಲದಾಚೆ ಬೀಚ್ ಎಂಬ ಜಾತಿಯ ಮರಗಳ ಕಾಡು. ಮೇ ತಿಂಗಳಿಡೀ ಚಳಿಯೆಂದು ಸ್ವೆಟರ್ ಬಿಚ್ಚದ ಅಮ್ಮನನ್ನು ಜೂನ್‌ನ ಒಂದು ಒಣ ಭಾನುವಾರ ನಾನು, ನನ್ನ ಗಂಡ, ಇಬ್ಬರು ಮಕ್ಕಳು ಸೇರಿ ‘ವಾಕ್’ಗೆಂದು ಹೊರಡಿಸಿದೆವು.

ಹೊಲದ ಅಂಚಿನಲ್ಲಿ ಒಂದು ತಡಮೆ ಇದೆ. ಇಲ್ಲಿಯವರು ಅದನ್ನು ಸ್ಟೈಲ್ ಎನ್ನುತ್ತಾರೆ. ಮಲೆನಾಡಿನ ಓದುಗರಿಗೆ ತಡಮೆ ಎಂದರೆ ಸಾಕು, ದನ ದಾಟಲಾರದ, ಮನುಷ್ಯ ಮಾತ್ರ ಕಾಲೆತ್ತಿ ದಾಟಬಹುದಾದ ಮರದ ಮೆಟ್ಟಿಲು ಕಣ್ಣ ಮುಂದೆ ಬರುತ್ತದೆ. ಸೀರೆಯ ಕೆಳಗೆ ಅಳಿಯ ಕೊಡಿಸಿದ ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡಿದ್ದ ಅಮ್ಮ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯನ್ನು ಮೊಮ್ಮಗನ ಹೆಗಲ ಮೇಲಿಟ್ಟು, ನಮ್ಮೆಲ್ಲರಿಗಿಂತ ಸಲೀಸಾಗಿ ಅದನ್ನು ದಾಟಿದಳು. ದಾಟಿದವಳು ಆಚೆ ನಿಂತುಬಿಟ್ಟಳು. ಎದುರಿಗೆ ಸೊಂಟದೆತ್ತರದ ಬಾರ್ಲಿ ಗಾಳಿಗೆ ಬಾಗಿ ಏಳುತ್ತಿತ್ತು. ಅದರ ಮಧ್ಯೆ ಬೈತಲೆ ತೆಗೆದಂತೆ ಒಂದು ದಾರಿ ನೇರವಾಗಿ ಗುಡ್ಡದ ಕಡೆಗೆ ಹೋಗಿತ್ತು.

“ಯಾರ್ ಹೊಲನೇ ಇದು?” ಎಂದಳು.

“ಗೊತ್ತಿಲ್ಲಮ್ಮ.”

“ಯಾರ್ದು ಅಂತ ಗೊತ್ತಿಲ್ದೇ ನುಗ್ತಾ ಇದೀರಾ? ಅದೂ ಫಸಲು ನಿಂತಿರೋ ಹೊಲಕ್ಕೆ?”

ಮಕ್ಕಳು ಆಗಲೇ ಅರ್ಧ ಹೊಲ ದಾಟಿದ್ದರು. ನನ್ನ ಗಂಡ “ಅತ್ತೆ, ಇದು ಎಲ್ಲರೂ ಓಡಾಡೋ ದಾರಿ, ಯಾರೂ ಏನೂ ಅನ್ನಲ್ಲ, ಬನ್ನಿ” ಎಂದರು. ಅಮ್ಮ ಬಂದಳು, ಆದರೆ ಹೊಲ ಮುಗಿಯುವವರೆಗೂ ಸೆರಗನ್ನು ಎರಡೂ ಕೈಯಲ್ಲಿ ಮೈಗೆ ಒತ್ತಿ ಹಿಡಿದುಕೊಂಡೇ ನಡೆದಳು, ಒಂದು ತೆನೆಗೂ ತಾಗಬಾರದು ಎನ್ನುವಂತೆ. ಹನ್ನೆರಡು ವರ್ಷಗಳಿಂದ ಇಂಥ ದಾರಿಗಳಲ್ಲಿ ನಡೆಯುತ್ತಿದ್ದರೂ, ಅವು ಯಾರ ಹೊಲಗಳೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ ಎಂಬುದು ನನಗೆ ಹೊಳೆದದ್ದು ಅವತ್ತು.

ಕೊನೆಗೆ ಏನಿದೆ?

ಅಮ್ಮನ ಎರಡನೆಯ ಪ್ರಶ್ನೆ ಬಂದದ್ದು ಗುಡ್ಡದ ಮೇಲೆ. “ಇಷ್ಟ್ ದೂರ ಬಂದ್ವಲ್ಲ, ಕೊನೆಗೆ ಏನಿದೆ?” ಏನೂ ಇಲ್ಲ, ಹೀಗೆ ಕಾಡಿನೊಳಗೆ ಹೋಗಿ, ಆ ಬದಿಯಿಂದ ಇಳಿದು, ಮತ್ತೆ ಮನೆಗೇ ಬರುವುದು ಎಂದೆ. ಅವಳು ನನ್ನ ಮುಖ ನೋಡಿದ ರೀತಿಯನ್ನು ಇಲ್ಲಿ ಬರೆಯುವುದು ಕಷ್ಟ. ನಾವು ಚಿಕ್ಕವರಿದ್ದಾಗ ಮನೆಯಿಂದ ಹೊರಟೆವೆಂದರೆ ಅದಕ್ಕೊಂದು ಕೊನೆ ಇರುತ್ತಿತ್ತು. ಎಡೆಯೂರಿಗೆ ಹೋಗುವುದು, ಹರಕೆ ತೀರಿಸಲು ಹೋಗುವುದು, ಸೋದರತ್ತೆಯ ಮನೆಯ ಗೃಹಪ್ರವೇಶಕ್ಕೆ ಹೋಗುವುದು; ವರ್ಷಕ್ಕೊಮ್ಮೆ ಶಾಲೆಯವರು ಬೇಲೂರು ಹಳೇಬೀಡಿಗೆ ಕರೆದುಕೊಂಡು ಹೋದರೆ ಅಲ್ಲಿಯೂ ಗುಡಿ ಇರುತ್ತಿತ್ತು. ನಡೆಯುವುದು ಬಸ್ಸಿಲ್ಲದ ಕಡೆ ಮಾಡಲೇಬೇಕಾದ ಕೆಲಸವಾಗಿತ್ತೇ ಹೊರತು ರಜೆಯ ದಿನದ ಸುಖವಾಗಿರಲಿಲ್ಲ. ಇಲ್ಲಿ ಬೇಸಿಗೆಯ ಭಾನುವಾರಗಳಲ್ಲಿ ಅರ್ಧ ದೇಶವೇ ಕೆಸರಿನ ಬೂಟು ಹಾಕಿಕೊಂಡು, ಬೆನ್ನಿಗೊಂದು ಚೀಲ ಏರಿಸಿ, ನಾಯಿಯನ್ನು ಮುಂದೆ ಬಿಟ್ಟು, ಹೊರಟಲ್ಲಿಗೇ ವಾಪಸು ಬರುವ ದಾರಿಗಳಲ್ಲಿ ಸುತ್ತುತ್ತದೆ. ನಡುವೆ ಎಲ್ಲಾದರೂ ಪಬ್ಬಿನ ತೋಟ ಸಿಕ್ಕರೆ ಅದೇ ಕ್ಷೇತ್ರ, ಅಲ್ಲಿಯ ತಣ್ಣನೆಯ ಗ್ಲಾಸೇ ತೀರ್ಥ. ನನ್ನ ಗಂಡನಿಗೆ ಇದು ಬೇಗ ಒಗ್ಗಿತು. ನನಗೆ ಮೊದಲ ಎರಡು ಮೂರು ವರ್ಷ, ಹೊರಟು ಏನನ್ನೂ ನೋಡದೆ ಬಂದ ಭಾನುವಾರದ ರಾತ್ರಿ ಏನೋ ಕಳೆದುಕೊಂಡ ಹಾಗೆ ಆಗುತ್ತಿತ್ತು.

ಆದರೆ ಅವತ್ತು ಕೊನೆಯಲ್ಲಿ ಒಂದು ಸಿಕ್ಕಿತು. ಬೀಚ್ ಕಾಡಿನ ಅಂಚಿನಲ್ಲಿ ಕುಳಿತು ಸ್ಟೀಲ್ ಡಬ್ಬಿ ಬಿಚ್ಚಿ ಚಿತ್ರಾನ್ನ ಹಂಚುತ್ತಿದ್ದಾಗ ತಲೆಯ ಮೇಲೆ ಕೆಂಗಂದು ಬಣ್ಣದ ದೊಡ್ಡ ಹಕ್ಕಿಯೊಂದು, ಕವಲೊಡೆದ ಬಾಲವನ್ನು ಚುಕ್ಕಾಣಿಯಂತೆ ಅತ್ತಿತ್ತ ತಿರುಗಿಸುತ್ತ, ರೆಕ್ಕೆ ಬಡಿಯದೆ ಸುತ್ತು ಹಾಕಿತು. ಅಮ್ಮ ತಟ್ಟೆ ಕೆಳಗಿಟ್ಟು “ಕೃಷ್ಣಾ ಕೃಷ್ಣಾ” ಎಂದು ಕೈಮುಗಿದಳು. ಅದು ಗರುಡವಲ್ಲ, ರೆಡ್ ಕೈಟ್. ಇಂಗ್ಲೆಂಡಿನಲ್ಲಿ ಜನ ಬೇಟೆಯಾಡಿ, ವಿಷವಿಟ್ಟು ನಿರ್ವಂಶ ಮಾಡಿದ್ದ ಹಕ್ಕಿ. 1989ರಿಂದ 1994ರ ನಡುವೆ ಸ್ಪೇನ್‌ನಿಂದ ಮರಿಗಳನ್ನು ತಂದು ಈ ಚಿಲ್ಟರ್ನ್ ಬೆಟ್ಟಗಳಲ್ಲಿಯೇ ಬಿಟ್ಟರು. ಈಗ ನಮ್ಮ ಊರಿನ ಆಕಾಶದಲ್ಲಿ ಕಾಗೆಗಳಿಗಿಂತ ಇವೇ ಹೆಚ್ಚು ಎಂದು ಅನ್ನಿಸುವಷ್ಟಿವೆ. ಇದನ್ನೆಲ್ಲ ಹೇಳಿದೆ. ಅಮ್ಮ ಕೇಳಿಸಿಕೊಂಡು, “ಅಂದ್ರೆ ಅದೂ ಹೊರಗಿಂದ ಬಂದು ಇಲ್ಲಿ ಮನೆ ಮಾಡಿರೋದು” ಎಂದು ತಟ್ಟೆ ಎತ್ತಿಕೊಂಡಳು. ಆ ಬೇಸಿಗೆಯಿಡೀ ಅದು ಕಂಡಾಗಲೆಲ್ಲ ಕೈಮುಗಿಯುವುದನ್ನು ಮಾತ್ರ ಬಿಡಲಿಲ್ಲ. ಒಂದು ದಿನಕ್ಕೆ ಮೂವತ್ತು ಸಲವಾದರೂ ಆಗುತ್ತಿತ್ತು.

ಒಂದು ಮೀಟರ್ ಅಗಲ

ಅಮ್ಮನ ಮೊದಲ ಪ್ರಶ್ನೆಗೆ ಹಿನ್ನೆಲೆ ಇದೆ. ನಮ್ಮ ತೋಟಕ್ಕೆ ಊರಿನಿಂದ ಹೋಗುವ ಕಾಲುದಾರಿ ದಾಯಾದಿಗಳ ಹೊಲದ ಬದುವಿನ ಮೇಲೆ ಹಾದುಹೋಗುತ್ತಿತ್ತು. ಅಜ್ಜನ ಕಾಲದಲ್ಲಿ ಅದರ ಮೇಲೆ ತಲೆಹೊರೆ ಹೊತ್ತ ಆಳುಗಳು ತೆಂಗಿನಕಾಯಿ ಸಾಗಿಸುತ್ತಿದ್ದರಂತೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಒಂದು ಬೆಳಿಗ್ಗೆ ಅಲ್ಲಿ ಮುಳ್ಳುಬೇಲಿ ಎದ್ದಿತ್ತು. ‘ನಕಾಶೆ ಕಂಡ ದಾರಿ’ ಎಂಬ ಮಾತನ್ನು ಬಯಲುಸೀಮೆಯ ರೈತರ ಮನೆಯಲ್ಲಿ ಬೆಳೆದ ಯಾರಿಗೂ ವಿವರಿಸಬೇಕಾಗಿಲ್ಲ. ನಕಾಶೆಯಲ್ಲಿ ಚುಕ್ಕೆಗೆರೆಯಾಗಿ ದಾರಿ ಇತ್ತು. ನೆಲದ ಮೇಲೆ ಇರಲಿಲ್ಲ. ಅಪ್ಪ ಅರ್ಜಿ ಕೊಟ್ಟರು, ಅಳತೆಯಾಯಿತು, ಬೇಲಿ ಹೋಯಿತು, ಮಳೆಗಾಲ ಕಳೆದ ಮೇಲೆ ಮತ್ತೆ ಬಂತು. ಅಪ್ಪ ತೀರಿಕೊಳ್ಳುವವರೆಗೂ ನಾವು ಹಳ್ಳ ಬಳಸಿಕೊಂಡೇ ತೋಟಕ್ಕೆ ಹೋಗುತ್ತಿದ್ದೆವು. ಹೀಗಾಗಿ ಬೇರೆಯವರ ಫಸಲಿನ ಮಧ್ಯೆ ಮೈಗೆ ಸೆರಗೊತ್ತಿ ನಡೆದ ಅಮ್ಮನ ಹೆದರಿಕೆ ಬರಿಯ ಸಂಕೋಚವಲ್ಲ, ಅದು ಇಪ್ಪತ್ತು ವರ್ಷ ಬೇಲಿಯ ಮುಂದೆ ನಿಂತವಳ ಅಭ್ಯಾಸ.

ಮುಂದಿನ ವಾರ ಅವಳು ಆ ದಾರಿಯ ಬಗ್ಗೆ ಅಳಿಯನನ್ನು ಬಿಡದೆ ವಿಚಾರಿಸಿದಳು. ಅವರು ಇಲ್ಲಿಯ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೆಯ ನಕ್ಷೆಯನ್ನು ಊಟದ ಮೇಜಿನ ತುಂಬ ಹರಡಿ, ಹಸಿರು ತುಂಡುಗೆರೆಗಳನ್ನು ಬೆರಳಿನಲ್ಲಿ ತೋರಿಸಿದರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೀಗೆ ಜನರಿಗೆ ಹಕ್ಕಿರುವ ದಾರಿಗಳ ಒಟ್ಟು ಉದ್ದ ಸುಮಾರು 1,40,000 ಮೈಲಿ. ಜಮೀನು ಖಾಸಗಿಯವರದೇ, ದಾರಿ ಮಾತ್ರ ಎಲ್ಲರದು. ಹೊಲದ ನಡುವಿನ ಕಾಲುದಾರಿ ಕನಿಷ್ಠ ಒಂದು ಮೀಟರ್ ಅಗಲ ಇರಬೇಕು, ಅದರ ಮೇಲೆ ಬೆಳೆ ನಿಲ್ಲಬಾರದು; ಹೊಲ ಉತ್ತರೆ ಹದಿನಾಲ್ಕು ದಿನಗಳೊಳಗೆ ರೈತನೇ ಅದನ್ನು ಮತ್ತೆ ಸರಿಮಾಡಿ ಗುರುತು ಕಾಣುವಂತೆ ಮಾಡಿಕೊಡಬೇಕು. ಇಪ್ಪತ್ತು ವರ್ಷ ಜನ ಅಡ್ಡಿಯಿಲ್ಲದೆ ನಡೆದ ದಾರಿ, ಮಾಲೀಕ ತನಗೆ ಆ ಉದ್ದೇಶವಿರಲಿಲ್ಲವೆಂದು ತೋರಿಸದಿದ್ದರೆ, ಜನರದೇ ಆಗಿಬಿಡಬಹುದು. ಅಮ್ಮ ಎಲ್ಲವನ್ನೂ ಕೇಳಿ, “ಬೇಲಿ ಹಾಕಿದ್ರೆ?” ಎಂದಳು. ಕೌನ್ಸಿಲ್ಲಿಗೆ ದೂರು ಕೊಟ್ಟರೆ ತೆಗೆಸುತ್ತಾರೆ ಎಂದರು. “ತೆಗೆಸಿದ್ಮೇಲೆ ಮತ್ತೆ ಹಾಕಿದ್ರೆ?” ಎಂದಳು. ನನ್ನ ಗಂಡ ಬೆಂಗಳೂರಿನಲ್ಲಿ ಬೆಳೆದವರು, ಈ ಎರಡನೆಯ ಪ್ರಶ್ನೆಯ ತೂಕ ಅವರಿಗೆ ಗೊತ್ತಾಗಲಿಲ್ಲ. ಮಾರನೆಯ ಸಂಜೆ ನಾನೂ ಅವಳೂ ಇಬ್ಬರೇ ಹೋದಾಗ ಅವಳು ತಡಮೆಯ ಆಚೆ ಬಗ್ಗಿ, ಹೆಬ್ಬೆರಳು ಕಿರುಬೆರಳು ಚಾಚಿ, ಈ ಬದಿಯ ಬಾರ್ಲಿಯ ಬುಡದಿಂದ ಆ ಬದಿಯ ಬುಡಕ್ಕೆ ಗೇಣು ಹಾಕಿ ಅಳೆದಳು. ಐದು ಗೇಣಿನ ಮೇಲೆ ಎರಡು ಬೆರಳು ಬಂತು. “ಸರಿಯಾಗೇ ಬಿಟ್ಟಿದಾನೆ” ಎಂದು ಕೈ ಕೊಡವಿಕೊಂಡು ಎದ್ದಳು. ಅವತ್ತು ಸೆರಗು ಹಿಡಿದುಕೊಳ್ಳಲಿಲ್ಲ.

ಇದನ್ನು ಇಂಗ್ಲಿಷರ ಔದಾರ್ಯವೆಂದು ಹಾಡಿ ಹೊಗಳಲು ನನಗೆ ಮನಸ್ಸಿಲ್ಲ. ನಮ್ಮ ಗೋಮಾಳದಂತೆ ಊರವರೆಲ್ಲ ದನ ಕುರಿ ಮೇಯಿಸಿ ಸೌದೆ ಆಯುತ್ತಿದ್ದ ಜಮೀನುಗಳಿಗೆ ಇಲ್ಲಿ ಪಾರ್ಲಿಮೆಂಟೇ ಐದು ಸಾವಿರಕ್ಕೂ ಹೆಚ್ಚು ಕಾಯಿದೆ ಮಾಡಿ ಬೇಲಿ ಹಾಕಿಸಿತು. ಹಾಗೆ ಬೇಲಿಯೊಳಗೆ ಸೇರಿದ ನೆಲದ ಮೇಲೆ ಅಳಿದುಳಿದ ಗೆರೆಗಳೇ ಈ ದಾರಿಗಳು. ಅವೂ ಸುಮ್ಮನೆ ಉಳಿಯಲಿಲ್ಲ. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಕಡೆಯ ಕಾರ್ಮಿಕ ಹುಡುಗರು, ಬೆನ್ನಿ ರಾತ್‌ಮನ್ ಎಂಬ ಇಪ್ಪತ್ತರ ತರುಣನ ಮುಂದಾಳ್ತನದಲ್ಲಿ, ಜಮೀನುದಾರರು ಬೇಟೆಗೆಂದು ಕಾದಿಟ್ಟುಕೊಂಡಿದ್ದ ಕಿಂಡರ್ ಸ್ಕೌಟ್ ಎಂಬ ಗುಡ್ಡವನ್ನು ಬೇಕೆಂದೇ ಅತಿಕ್ರಮಿಸಿ ಹತ್ತಿದರು. ರಾತ್‌ಮನ್ ಸೇರಿ ಕೆಲವರು ಜೈಲಿಗೆ ಹೋದರು. ದಾರಿಗಳನ್ನು ಅಧಿಕೃತ ನಕ್ಷೆಯಲ್ಲಿ ದಾಖಲಿಸಬೇಕೆಂಬ ಕಾನೂನು ಬಂದದ್ದು 1949ರಲ್ಲಿ, ಬೆಟ್ಟ ಬಯಲುಗಳಲ್ಲಿ ದಾರಿ ಬಿಟ್ಟೂ ತಿರುಗಾಡುವ ಹಕ್ಕು ಬಂದದ್ದು 2000ದಲ್ಲಿ. ಅದೂ ಇಂಗ್ಲೆಂಡಿನ ನೂರರಲ್ಲಿ ಎಂಟು ಪಾಲು ನೆಲದ ಮೇಲೆ ಮಾತ್ರ. ನಮ್ಮ ಊರಿನ ನಕಾಶೆಯೂ ಬ್ರಿಟಿಷ್ ಆಡಳಿತದ ಕಾಲದ ಸರ್ವೆಯ ಕೂಸೇ. ಕಾಗದದ ಮೇಲಿನ ಚುಕ್ಕೆಗೆರೆಯಲ್ಲಿ ಎರಡೂ ಕಡೆ ವ್ಯತ್ಯಾಸವಿಲ್ಲ. ಆ ಗೆರೆಯ ಮೇಲೆ ಪ್ರತಿ ಭಾನುವಾರ ಯಾರು ನಡೆಯುತ್ತಾರೆ ಎನ್ನುವುದರಲ್ಲಿ ವ್ಯತ್ಯಾಸವಿದೆ ಎಂದು ನನಗೆ ಈಗ ಅನ್ನಿಸುತ್ತದೆ.

ನಕ್ಷೆಯ ಬಗ್ಗೆ ಇನ್ನೊಂದು ಮಾತು. ನಾವು ಯಾವತ್ತೂ ಅದನ್ನು ಬಿಟ್ಟು ಹೊರಡುವುದಿಲ್ಲ, ಮನೆಯ ಹಿಂದಿನ ಎರಡು ಮೈಲಿಗೂ ಕೂಡ. ಫೋನಿನಲ್ಲಿ ದಾರಿ ಕಾಣುವಾಗ ಕಾಗದದ ನಕ್ಷೆ ಯಾಕೆ ಎಂದು ಮಗಳು ಕೇಳುತ್ತಾಳೆ. ಆ ಜೂನ್‌ನಲ್ಲಿಯೇ ಒಮ್ಮೆ ನಾಯಿಯೊಂದಿಗೆ ಎದುರಾದ ವಯಸ್ಸಾದ ವ್ಯಕ್ತಿಯೊಬ್ಬರು ನಿಂತು, ದಾರಿ ತಪ್ಪಿದಿರಾ ಎಂದು ನಗುತ್ತ ಕೇಳಿದರು. ನನ್ನ ಗಂಡ ತಟ್ಟನೆ ಜೇಬಿನಿಂದ ನಕ್ಷೆ ತೆಗೆದರು, ಟ್ರಾಫಿಕ್ ಪೊಲೀಸರಿಗೆ ಲೈಸೆನ್ಸ್ ತೋರಿಸುವಂತೆ. ಆ ಮನುಷ್ಯ ಅದರ ಕಡೆ ನೋಡಲೂ ಇಲ್ಲ. ಮುಂದಿನ ಗೇಟಿನ ಬಳಿ ತಾಗಿದರೆ ಉರಿಯುವ ನೆಟಲ್ ಗಿಡ ಬೆಳೆದಿದೆ, ಮಕ್ಕಳ ಕಾಲು ಜೋಪಾನ ಎಂದು ಹೇಳಿ ಹೋದರು. ಬರಿಯ ಸೌಜನ್ಯವಿರಬಹುದು, ಇದ್ದಿರಲೂಬೇಕು. ಅದೇ ದಾರಿಯಲ್ಲಿ ನಮ್ಮ ಪಕ್ಕದ ಮನೆಯವರನ್ನು ಯಾರೂ ಹೀಗೆ ಕೇಳಿದ್ದು ನನಗೆ ಗೊತ್ತಿಲ್ಲ ಎಂಬುದನ್ನೂ ಬರೆಯದೆ ಬಿಟ್ಟರೆ ಸುಳ್ಳಾಗುತ್ತದೆ. ಸೆರಗು ಒತ್ತಿ ಹಿಡಿಯುವ ಅಭ್ಯಾಸ ಅಮ್ಮನೊಬ್ಬಳದೇ ಅಲ್ಲ; ನಮ್ಮದು ಜೇಬಿನಲ್ಲಿರುತ್ತದೆ, ಅಷ್ಟೆ.

(ದನಗಳ ವಿಷಯದಲ್ಲಿ ಮಾತ್ರ ಅಮ್ಮನೇ ಈ ಸೀಮೆಯ ಯಜಮಾನಿ. ದಾರಿ ಹುಲ್ಲುಗಾವಲಿಗೆ ತಿರುಗಿದಾಗ ಹತ್ತಾರು ಕಡಸುಗಳು ಕುತೂಹಲದಿಂದ ನಮ್ಮ ಮೇಲೇ ಬಂದವು. ಮುಂದೆ ಹೋಗುತ್ತಿದ್ದ ಇಂಗ್ಲಿಷ್ ದಂಪತಿ ಬೇಲಿಯ ಬದಿಗೆ ಸರಿದು ನಿಂತರು. ಅಮ್ಮ ನಾಲಗೆಯಿಂದ ಟ್ಟ ಟ್ಟ ಎಂದು ಸದ್ದು ಮಾಡಿ, “ಹೋಗ್ ಅತ್ಲಾಗೆ” ಎಂದು ಒಂದರ ಮೂತಿಯನ್ನು ಅಂಗೈಯಿಂದ ತಳ್ಳಿದಳು. ಮಂದೆ ಇಬ್ಭಾಗವಾಗಿ ದಾರಿ ಬಿಟ್ಟಿತು. ಆ ದಂಪತಿ ಅವಳ ಹಿಂದೆಯೇ ಬಂದರು.)

ಜುಟ್ಟಿಲ್ಲದ ಕಾಯಿ

ಜುಲೈನ ಎರಡನೆಯ ಶನಿವಾರ ನಮ್ಮೂರ ಫೇಟ್. ಫೇಟ್ ಎಂದರೆ ಇಲ್ಲಿಯ ಹಳ್ಳಿಗಳ ಬೇಸಿಗೆಯ ಜಾತ್ರೆ; ತೇರು, ದೇವರು ಇಲ್ಲ, ಉಳಿದದ್ದೆಲ್ಲ ಇದೆ. ಕ್ರಿಕೆಟ್ ಮೈದಾನದ ಸುತ್ತ ಬಣ್ಣಬಣ್ಣದ ತ್ರಿಕೋನದ ಬಟ್ಟೆಗಳ ತೋರಣ, ಮನೆಯಲ್ಲಿ ಮಾಡಿದ ಕೇಕುಗಳ ಮೇಜು, ಹಳೆಯ ಪುಸ್ತಕ, ಜಾಮ್ ಬಾಟಲಿ ಗೆಲ್ಲುವ ಟೊಂಬೋಲ, ಗಾಳಿ ತುಂಬಿದ ಕುಣಿಯುವ ಕೋಟೆ, ಮತ್ತು ಮೂರು ಗಂಟೆಗೆ ಸರಿಯಾಗಿ ಮಳೆ. ಬಂದ ಹಣ ಆ ವರ್ಷ ಊರಿನ ಸಮುದಾಯ ಭವನದ ಚಾವಣಿ ರಿಪೇರಿಗೆ ಎಂದು ಬರೆದಿದ್ದರು. 2022ರ ಆ ಶನಿವಾರ ಮಾತ್ರ ಮಳೆಯ ಸುಳಿವಿರಲಿಲ್ಲ, ಹುಲ್ಲು ಆಗಲೇ ಒಣಗಿ ತೆಂಗಿನ ನಾರಿನ ಬಣ್ಣಕ್ಕೆ ಬಂದಿತ್ತು. ಹತ್ತು ದಿನ ಕಳೆದು ಹತ್ತೊಂಬತ್ತನೇ ತಾರೀಕು ಲಿಂಕನ್‌ಶೈರ್‌ನ ಕಾನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾಗಿ ದೇಶವೇ ಕಂಗಾಲಾಗಲಿತ್ತು. ಫ್ಯಾನಿಲ್ಲದ ನಮ್ಮ ಮನೆಯಲ್ಲಿ ಅವತ್ತು ಕಿಟಕಿಗೆ ಒದ್ದೆ ಪಂಚೆ ಕಟ್ಟಿ ಸಂಭಾಳಿಸಿದವಳು ಅಮ್ಮನೇ.

ಮೈದಾನದ ಮೂಲೆಯಲ್ಲಿ ಐದು ಕೋಲುಗಳ ತುದಿಗೆ ಬಟ್ಟಲು ಸಿಕ್ಕಿಸಿ, ಒಂದೊಂದರಲ್ಲೂ ಒಂದೊಂದು ತೆಂಗಿನಕಾಯಿ ಕೂರಿಸಿದ್ದರು. ಒಂದು ಪೌಂಡಿಗೆ ಮೂರು ಮರದ ಚೆಂಡು. ಹೊಡೆದು ಬೀಳಿಸಿದರೆ ಕಾಯಿ ನಿಮ್ಮದು. ಇದನ್ನು ಕೋಕನಟ್ ಶೈ ಎನ್ನುತ್ತಾರೆ. ಅಮ್ಮ ದೂರದಿಂದಲೇ ನೋಡಿ ನಿಂತಳು. ತಿಪಟೂರಿನ ಸೀಮೆಯಲ್ಲಿ ತೆಂಗಿನಕಾಯಿಗೆ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರಿದ್ದಾರೆ; ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕಾಯಿಯನ್ನು ಹಾಗೆಯೇ ಬಿಟ್ಟು, ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುವುದನ್ನು ಕಾಯುವ ಊರು ಅದು. “ಏನು ಅನ್ಯಾಯ ಮಾಡ್ತೋ ಅಂತ ಕಾಯಿಗೆ ಹೊಡೀತಾರೆ?” ಎಂದಳು. ಹೇಳಿ ಮುಗಿಸುವಷ್ಟರಲ್ಲಿ ಮೊಮ್ಮಗನ ಮೂರನೆಯ ಚೆಂಡು ತಗುಲಿ ಕಾಯಿ ಉರುಳಿತ್ತು. ಅಂಗಡಿ ನೋಡಿಕೊಳ್ಳುತ್ತಿದ್ದ, ಒಣಹುಲ್ಲಿನ ಟೋಪಿಯ ಮನುಷ್ಯ ಅದನ್ನು ಎತ್ತಿ ಹುಡುಗನ ಕೈಗೆ ಕೊಡುವ ಮೊದಲೇ ಅಮ್ಮ ಕೈ ಚಾಚಿದಳು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು, ಬೆರಳ ಗೆಣ್ಣಿನಿಂದ ತಟ್ಟಿದಳು, ಮೂರು ಕಣ್ಣನ್ನು ಹೆಬ್ಬೆರಳಿನಲ್ಲಿ ಒತ್ತಿ ಮೂಸಿದಳು. ಆ ಮನುಷ್ಯ ಟೋಪಿ ಹಿಂದಕ್ಕೆ ಸರಿಸಿ ನೋಡುತ್ತಲೇ ಇದ್ದ. ಕಾಯಿಯೊಳಗೆ ಕೇಳುವಂಥದ್ದು ಏನಾದರೂ ಇರುತ್ತದೆಂದು ಅವನಿಗೆ ತಿಳಿದಿರಲಿಲ್ಲವೆಂದು ಕಾಣುತ್ತದೆ. “ನೀರಿದೆ, ಕೆಟ್ಟಿಲ್ಲ,” ಎಂದು ಅಮ್ಮ ತೀರ್ಪು ಕೊಟ್ಟಳು, “ಆದ್ರೆ ಜುಟ್ಟು ಪೂರ್ತಿ ಕಿತ್ತಿದಾರೆ. ದೇವರಿಗೆ ಆಗಲ್ಲ, ಚಟ್ನಿಗೆ ಆಗುತ್ತೆ.” ನಾನು ಮೊದಲರ್ಧವನ್ನು ಮಾತ್ರ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅವನು ಉಳಿದ ನಾಲ್ಕು ಕಾಯಿಗಳನ್ನೂ ಒಂದೊಂದಾಗಿ ತಂದು ಅವಳ ಮುಂದೆ ಹಿಡಿದ. ಅಮ್ಮ ಎರಡನ್ನು ಆಚೆ ಇಡಿಸಿದಳು.

ಮನೆಗೆ ಬಂದು ಹಿಂಬಾಗಿಲ ಕಲ್ಲಿನ ಮೆಟ್ಟಿಲಿಗೆ ಹೊಡೆದು ಒಡೆದೆವು. ಮಾರನೆಯ ಬೆಳಿಗ್ಗೆ ದೋಸೆಯ ಜೊತೆ ಆ ಚಟ್ನಿಯನ್ನು ತಿನ್ನುತ್ತ ಮಗ, ಇದು ನಾನು ಗೆದ್ದ ಚಟ್ನಿ ಎಂದು ನಾಲ್ಕು ಸಲ ಹೇಳಿದ. ರುಚಿ ಸುಮಾರಾಗಿತ್ತು, ಯಾವ ದೇಶದಿಂದ ಎಷ್ಟು ತಿಂಗಳು ಹಡಗಿನಲ್ಲಿ ಬಂದಿತ್ತೋ.

ದೀಪದ ಹೊತ್ತು

ಹೊರಗಿನ ತಿರುಗಾಟ ಹೇಗೋ ಒಗ್ಗಿತು, ಮನೆಯೊಳಗೆ ಅಮ್ಮನಿಗೆ ಕೊನೆಯವರೆಗೂ ಒಗ್ಗದೆ ಹೋದದ್ದು ಹೊತ್ತು. ಜೂನ್‌ನಲ್ಲಿ ಇಲ್ಲಿ ಬೆಳಗಾಗುವುದು ಐದಕ್ಕೂ ಮೊದಲು, ಸೂರ್ಯ ಮುಳುಗುವುದು ಒಂಬತ್ತೂವರೆಯ ಹತ್ತಿರ. ಮುಳುಗಿದ ಮೇಲೂ ಮುಕ್ಕಾಲು ಗಂಟೆ ಆಕಾಶದ ಅಂಚಿನಲ್ಲಿ ಬೆಳಕು ನಿಂತಿರುತ್ತದೆ. ದೇವರ ಮುಂದೆ ಸಂಜೆಯ ದೀಪ ಹಚ್ಚುವುದು ಯಾವಾಗ? ಮುಳುಗುವವರೆಗೆ ಕಾದರೆ ಮಕ್ಕಳು ಮಲಗಿರುತ್ತಾರೆ. ಏಳು ಗಂಟೆಗೆ ಹಚ್ಚಿದರೆ ಬಿಸಿಲಿನಲ್ಲಿ ದೀಪದ ಕುಡಿಯೇ ಕಾಣುವುದಿಲ್ಲ. ಬೇಸಿಗೆಗೆಂದು ಗಡಿಯಾರವನ್ನೇ ಒಂದು ಗಂಟೆ ಮುಂದಕ್ಕೆ ಇಟ್ಟಿರುತ್ತಾರೆ, 1916ರಿಂದ ಹೀಗೆಯೇ ನಡೆದುಬಂದಿದೆ ಎಂದು ಹೇಳಿದಾಗ, “ಸೂರ್ಯನ್ನ ತಿದ್ದಕ್ಕಾಗ್ದೇ ಗಂಟೆ ತಿದ್ದವ್ರೆ” ಎಂದು ನಕ್ಕಳು. ಕೊನೆಗೆ ಏಳಕ್ಕೆ ಪರದೆ ಎಳೆದು, ಕೋಣೆಯನ್ನು ನಸುಗತ್ತಲು ಮಾಡಿ, ದೀಪ ಹಚ್ಚಿ, ಮಕ್ಕಳಿಂದ ಎರಡು ಶ್ಲೋಕ ಹೇಳಿಸಿ, ಮತ್ತೆ ಪರದೆ ಸರಿಸಿ ಅವರನ್ನು ಬಿಸಿಲಿಗೆ ಬಿಡುವುದು ರೂಢಿಯಾಯಿತು. ಆ ಎಂಟು ನಿಮಿಷವನ್ನು ಮಗಳು ‘ಅಜ್ಜಿಯ ರಾತ್ರಿ’ ಎನ್ನುತ್ತಿದ್ದಳು.

ಮಹಾರಾಜನ ಬಾವಿ

ಆಗಸ್ಟ್ ಎಂದರೆ ಶಾಲೆಯ ಆರು ವಾರದ ರಜೆಯ ಕಾಲ. ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿ ಬೆಟ್ಟದ ಮೇಲಿರುವ ಸ್ಟೋಕ್ ರೋ ಎಂಬ ಹಳ್ಳಿಗೆ ಅಮ್ಮನನ್ನು ಕರೆದುಕೊಂಡು ಹೋದೆವು. ಕೊನೆಯಲ್ಲಿ ಏನಾದರೂ ಇರುವ ತಿರುಗಾಟ ಒಂದಾದರೂ ಇರಲಿ ಎಂಬುದು ನನ್ನ ಆಸೆ. ಅಲ್ಲಿ ರಸ್ತೆಯ ಬದಿಯಲ್ಲಿ, ಹೆಂಚಿನ ಮನೆಗಳ ನಡುವೆ, ಕಂಬಗಳ ಮೇಲೆ ಗುಮ್ಮಟ ಹೊತ್ತ ಮಂಟಪವಿದೆ. ಅದರೊಳಗಿನ ರಾಟೆಯ ಯಂತ್ರದ ಮೇಲೆ ಚಿನ್ನದ ಬಣ್ಣದ ಆನೆ. ಕೆಳಗೆ 368 ಅಡಿ ಆಳದ ಬಾವಿ. ಇದನ್ನು ಕಟ್ಟಿಸಿದವನು ಕಾಶಿಯ ರಾಜ ಈಶ್ವರಿ ಪ್ರಸಾದ್ ನಾರಾಯಣ್ ಸಿಂಗ್. ಈ ಸೀಮೆಯಿಂದ ಭಾರತಕ್ಕೆ ಅಧಿಕಾರಿಯಾಗಿ ಹೋಗಿದ್ದ ಎಡ್ವರ್ಡ್ ರೀಡ್ ಎಂಬಾತ ಆಜಂಗಢದಲ್ಲಿ ಊರವರಿಗೆ ಬಾವಿ ತೋಡಿಸಿದ್ದ; ತನ್ನ ಊರಿನ ಬೆಟ್ಟದ ಮೇಲೂ ನೀರಿನ ಬವಣೆ ಹೀಗೆಯೇ ಇದೆ, ಕೊನೆಯ ಗುಟುಕು ನೀರು ಕುಡಿದದ್ದಕ್ಕೆ ತಾಯಿಯಿಂದ ಏಟು ತಿಂದ ಹುಡುಗನನ್ನು ನೋಡಿದ್ದೇನೆ ಎಂದು ರಾಜನಿಗೆ ಹೇಳಿದ್ದನಂತೆ. ರಾಜ ಅದನ್ನು ಮರೆಯಲಿಲ್ಲ. 1864ರಲ್ಲಿ ಬಾವಿ ಜನರ ಬಳಕೆಗೆ ತೆರೆಯಿತು. ಖರ್ಚಿಗೆ ಆದಾಯವಿರಲೆಂದು ಪಕ್ಕದಲ್ಲಿ ಚೆರ್ರಿ ತೋಪನ್ನೂ ಹಾಕಿಸಿದರು. ನೀರಿಗೆ ಯಾರೂ ಕಾಸು ಕೊಡಬೇಕಾಗಿರಲಿಲ್ಲ.

ಈ ಬೆಟ್ಟಗಳು ಸುಣ್ಣದಂಥ ಚಾಕ್ ಕಲ್ಲಿನವು. ಬಿದ್ದ ಮಳೆಯೆಲ್ಲ ನೆಲದೊಳಗೆ ಇಳಿದುಹೋಗುತ್ತದೆ. ಹಸಿರು ಕಂಡು ನೀರಿನ ನಾಡೆಂದು ನಂಬಿದ್ದ ಅಮ್ಮನಿಗೆ ಇದು ಆಶ್ಚರ್ಯವಾಯಿತು. ಆ ಆಗಸ್ಟ್‌ನಲ್ಲಂತೂ ಥೇಮ್ಸ್ ನದಿಯ ಮೂಲವೇ ಒಣಗಿ, ನೀರು ಕಾಣಿಸಿಕೊಳ್ಳುವ ಜಾಗ ಮೈಲಿಗಟ್ಟಲೆ ಕೆಳಕ್ಕೆ ಸರಿದಿತ್ತು. ತೋಟಕ್ಕೆ ಪೈಪಿನಲ್ಲಿ ನೀರು ಬಿಡಬಾರದೆಂಬ ನಿಷೇಧ ತಿಂಗಳ ಕೊನೆಗೆ ನಮ್ಮೂರಿಗೂ ಬಂತು. ಅಮ್ಮ ಮಂಟಪದ ಕಟ್ಟೆಗೆ ಒರಗಿ ಕೇಳಿದ್ದು ಒಂದೇ: “ಮಿಷನ್ ಇತ್ತಾ?” ಇರಲಿಲ್ಲ, ಕೈಯಲ್ಲೇ ತೋಡಿದ್ದು, ನಾಲ್ಕು ಅಡಿ ಅಗಲ ಅಷ್ಟೆ. ನಮ್ಮ ತೋಟದಲ್ಲಿ ಸಾವಿರ ಅಡಿಗೆ ಇಳಿಸಿದ ಬೋರ್‌ವೆಲ್ ಎರಡು ವರ್ಷದಲ್ಲಿ ನಿಂತದ್ದನ್ನು ನೋಡಿದವಳು ಅವಳು; ಆ ಲಾರಿ ರಾತ್ರಿಯಿಡೀ ಗುಡುಗಿದ್ದು, ಬಿಳಿ ಧೂಳು ಮಾತ್ರ ಎದ್ದದ್ದು ನನಗೂ ನೆನಪಿದೆ. “ನಾಲ್ಕಡಿ ಅಗಲದಲ್ಲಿ ಒಬ್ಬನೇ ಕೂತು ಅಗೀಬೇಕು. ಮೇಲೆ ನೋಡಿದ್ರೆ ಆಕಾಶ ಕಾಸಗಲ ಕಾಣ್ತಿತ್ತೇನೋ” ಎಂದು ಬಗ್ಗಿ ನೋಡಲು ಪ್ರಯತ್ನಿಸಿದಳು, ಬಾಯಿಗೆ ಜಾಲರಿ ಇತ್ತು. ರಾಜನ ವಿಷಯ ಅವಳಿಗೆ ಅಷ್ಟೇನೂ ರುಚಿಸಲಿಲ್ಲ. ಕಾಶಿಯ ಸುತ್ತಮುತ್ತ ಬಾವಿಯಿಲ್ಲದ ಊರೇ ಇರಲಿಲ್ಲವೇನೋ, ಇಷ್ಟು ದೂರ ಬಂದು ತೋಡಿಸಿದ ಎಂದಳು. ನನಗೂ ಆ ಮಾತು ಹೊಳೆದಿತ್ತು. 1857ರ ನಂತರ ಆಳುವವರ ಜೊತೆ ಚೆನ್ನಾಗಿರಬೇಕಾಗಿದ್ದ ಒಬ್ಬ ರಾಜನ ದಾನದಲ್ಲಿ ದಾನ ಎಷ್ಟು, ಲೆಕ್ಕಾಚಾರ ಎಷ್ಟು ಎಂದು ಯಾರು ಅಳೆಯುತ್ತಾರೆ? ಏನೇ ಆಗಲಿ, ನೀರು ಸಿಕ್ಕಿತು. ಚೆರ್ರಿ ಮರಗಳ ಕೆಳಗೆ ಕುಳಿತು ಚಪಾತಿ ಸುರುಳಿ ತಿಂದೆವು. ಹೋಗುವಾಗ ಅಮ್ಮ ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಚೆಲ್ಲದೆ ಹತ್ತಿರದ ಮರದ ಬುಡಕ್ಕೆ ಹಾಕಿದಳು.

ಸೆಪ್ಟೆಂಬರ್ ಮೊದಲ ವಾರ ಅವಳ ವಿಮಾನ. ಹೊರಡುವ ಹಿಂದಿನ ಭಾನುವಾರ ಕೊನೆಯ ಬಾರಿಗೆ ಮನೆಯ ಹಿಂದಿನ ದಾರಿಗೆ ಹೋದೆವು. ಬಾರ್ಲಿ ಕೊಯ್ದು ಎಷ್ಟೋ ದಿನವಾಗಿತ್ತು, ಅದು ನಮಗೆ ಗೊತ್ತಿತ್ತು. ಆದರೆ ಎರಡು ದಿನದ ಹಿಂದೆ ಹೊಲ ಉತ್ತಿದ್ದಾರೆಂದು ಗೊತ್ತಿರಲಿಲ್ಲ. ತಡಮೆ ದಾಟಿದರೆ ಎದುರಿಗೆ ದಾರಿಯೇ ಇಲ್ಲ. ಬೇಲಿಯಿಂದ ಬೇಲಿಗೆ ಕಂದು ಮಣ್ಣಿನ ಹೆಂಟೆ, ಅದರ ನಡುವೆ ಬಿಳಿಯ ಚಾಕ್ ಚೂರು, ಚೂಪಾದ ಫ್ಲಿಂಟ್ ಕಲ್ಲು. ನನ್ನ ಗಂಡ ಅಂಚಿನ ಹುಲ್ಲಿನ ಮೇಲೆ ಸುತ್ತಿಕೊಂಡು ಹೋಗೋಣ ಎಂದರು, ನಾನೂ ಸರಿ ಎಂದೆ. ಅಮ್ಮ ಒಂದು ಹೆಂಟೆ ಎತ್ತಿ ಪುಡಿಮಾಡಿ, “ಬರೀ ಕಲ್ಲು” ಎಂದು ಬಿಸಾಡಿ, ಆ ತುದಿಯ ಕಂಬದ ಮೇಲಿದ್ದ ಹಳದಿ ಬಾಣದ ಗುರುತನ್ನು ಕಣ್ಣು ಕಿರಿದು ಮಾಡಿ ನೋಡಿದಳು.

“ಹದಿನಾಲ್ಕು ದಿನ ಅಂತ ಅಲ್ವಾ ಹೇಳಿದ್ದು ಅಳಿಯಂದಿರು?” ಎಂದಳು. “ಅವ್ನು ಮಾಡೋ ಹೊತ್ತಿಗೆ ಮಾಡ್ಲಿ. ನಾವು ಸುತ್ತಿಕೊಂಡು ಹೋದ್ರೆ ಇಲ್ಲಿ ದಾರಿ ಇತ್ತು ಅಂತ ಯಾರಿಗ್ ಗೊತ್ತಾಗುತ್ತೆ?”

ಬಿಳಿ ಬೂಟು ಬಿಚ್ಚಿ ಮೊಮ್ಮಗಳ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಿನಲ್ಲಿ ಆ ಬಾಣದ ನೇರಕ್ಕೆ ಹೊರಟಳು. ಮಕ್ಕಳು ಅವಳ ಹೆಜ್ಜೆಯ ಗುಳಿಗಳಲ್ಲೇ ಕಾಲಿಡುತ್ತ ಹಿಂದೆ ಹೋದರು. ನನ್ನ ಗಂಡ ನಕ್ಷೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು ನನ್ನ ಕಡೆ ನೋಡಿದರು. ಅರ್ಧ ಹೊಲದಲ್ಲಿ ಅಮ್ಮ ನಿಂತು, ತಲೆಯೆತ್ತಿ, ಕೈಮುಗಿದು, ಮತ್ತೆ ನಡೆದಳು.